ಪೋಲೊ ಚೆಂಡು ನಮ್ಮ ಬೇಲಿಯಲ್ಲೇ ಬೆಳೆಯುತ್ತಿತ್ತು!

ಎಂಟು ಸವಾರರು ಈ ಕಡೆ, ಎಂಟು ಸವಾರರು ಆ ಕಡೆ. ಕಲ್ಲುಮುಳ್ಳು ಆರಿಸಿ ಸಮ ಮಾಡಿದ ಬಯಲು. ಅದರ ಎರಡು ತುದಿಗೂ ತೋರಣ. ನೆಲದ ಮೇಲೆ ಚರ್ಮ ಹೊದಿಸಿದ ಮರದ ಚೆಂಡು. ಸವಾರರ ಕೈಯಲ್ಲಿ ತುದಿ ಬಾಗಿದ ಬೆತ್ತದ ಕೋಲು, ಅದಕ್ಕೆ ಕೆಂಪು ಚರ್ಮದ ಹೊದಿಕೆ. ಕುದುರೆಗಳು ನುಗ್ಗುತ್ತವೆ, ಕೋಲುಗಳು ಎರಗುತ್ತವೆ. ಚೆಂಡು ಎದುರಾಳಿಯ ತೋರಣ ದಾಟಿ ಹೊರಬಿತ್ತೋ, ಗೆಲುವು!

ಇದನ್ನು ಓದಿದವರಿಗೆ ಜೈಪುರವೋ ಲಂಡನ್ನೋ ನೆನಪಾಗುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಆಟವನ್ನು ಹೀಗೆ ಬಿಡಿಬಿಡಿಸಿ ಬರೆದಿಟ್ಟವನು ಕಲ್ಯಾಣದಿಂದ ಕನ್ನಡನಾಡನ್ನು ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಬರೆದದ್ದು 1129ರ ಸುಮಾರಿಗೆ. ಅಂದರೆ ಬ್ರಿಟಿಷ್ ಟೀ ತೋಟದ ಮಾಲೀಕರೂ ಅಧಿಕಾರಿಗಳೂ ಮಣಿಪುರಿಗಳಿಂದ ಆಟ ಕಲಿತು ಸಿಲ್ಚಾರ್‌ನಲ್ಲಿ ಪೋಲೊ ಕ್ಲಬ್ ಕಟ್ಟುವುದಕ್ಕೆ 7 ಶತಮಾನಕ್ಕೂ ಮೊದಲು! ಆಗ ನಮ್ಮ ಶಿವಮೊಗ್ಗ ಸೀಮೆ ಆ ದೊರೆಯ ರಾಜ್ಯದೊಳಗೇ ಇತ್ತು. ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿ ಬಳ್ಳಿಗಾವೆ, ಇವತ್ತು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ.

ಸೋಮೇಶ್ವರನ ಆ ಪುಸ್ತಕದ ಹೆಸರು ಎಲ್ಲರೂ ಕೇಳಿದ್ದೇ: ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂದೂ ಕರೆಯುತ್ತಾರೆ. ಇಡ್ಲಿ, ದೋಸೆಗಳ ಚರಿತ್ರೆ ಬರೆಯುವವರೆಲ್ಲ ಇದರ ಬಾಗಿಲು ತಟ್ಟುತ್ತಾರೆ. ಮೀನು ಹಿಡಿಯುವುದರ ಬಗ್ಗೆ, ಚಿತ್ರ ಬರೆಯುವುದರ ಬಗ್ಗೆ, ಸಂಗೀತದ ಬಗ್ಗೆ ಬರೆಯುವವರೂ ಅಷ್ಟೇ. 5 ವಿಂಶತಿಗಳು, ಒಟ್ಟು 100 ಅಧ್ಯಾಯಗಳು. ರಾಜ್ಯ ಗಳಿಸುವುದರಿಂದ ಹಿಡಿದು ಊಟ, ಸ್ನಾನ, ತಾಂಬೂಲ, ಕೋಳಿ ಕಾಳಗದವರೆಗೆ ಅದರಲ್ಲಿ ಇಲ್ಲದ್ದಿಲ್ಲ. 'ಸರ್ವಜ್ಞ ಚಕ್ರವರ್ತಿ' ಎಂಬ ಬಿರುದು ಆ ದೊರೆಗೆ ಸುಮ್ಮನೆ ಬಂದದ್ದಲ್ಲ. ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ, ಆನೆಗಳ ಆಟ ಮುಗಿದ ಮೇಲೆ, ವಾಜಿವಾಹ್ಯಾಳಿ ವಿನೋದ ಬರುತ್ತದೆ. ಕುದುರೆಯ ಮೇಲಿನ ಚೆಂಡಾಟ ಇರುವುದು ಅಲ್ಲಿ.

ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ ಈ ಕೃತಿಯನ್ನು ಶ್ರೀಗೊಂಡೇಕರರ ಸಂಪಾದನೆಯಲ್ಲಿ 3 ಸಂಪುಟಗಳಾಗಿ ತಂದಿತು. ಎರಡನೆಯ ಸಂಪುಟ ಹೊರಬಂದದ್ದು 1939ರಲ್ಲಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯವೂ 1926ರಲ್ಲೇ ಒಂದು ಭಾಗವನ್ನು ಅಚ್ಚು ಮಾಡಿತ್ತು. ಯಾರೂ ಬಚ್ಚಿಟ್ಟಿರಲಿಲ್ಲ. ಇಷ್ಟು ವರ್ಷ ಕಣ್ಣೆದುರೇ ಇತ್ತು! ಆ ಪುಟಗಳ ಮುಂದೆ ಕುಳಿತಾಗ ನನಗಾದ ರೋಮಾಂಚನವನ್ನು ಹೇಗೆ ಹೇಳಲಿ? ದೊರೆ ಆಟವನ್ನು ದೂರದಿಂದ ನೋಡಿ ಬರೆದವನಂತೆ ಕಾಣುವುದಿಲ್ಲ. ಮೈಮೇಲೆ ದೂಳು ಮೆತ್ತಿಕೊಂಡು ಆಡಿದವನ ಕೈಬರಹ ಅದು. ಕುದುರೆಯ ನಡೆಗಳನ್ನು ಹೇಳುತ್ತಾನೆ, ಯಾವ ನಾಡಿನ ಕುದುರೆ ಹೇಗೆ ಎಂದು ವಿಂಗಡಿಸುತ್ತಾನೆ, ಕೋಲು ಯಾವುದರಿಂದ ಮಾಡಬೇಕು, ಚೆಂಡು ಯಾವ ಮರದ್ದಾಗಬೇಕು ಎಂದು ಆಸೆಯಿಂದ ವಿವರಿಸುತ್ತಾನೆ.

ಆ ಚೆಂಡಿನ ಮರದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಸೋಮೇಶ್ವರ ಹೇಳುವ ಮರ ಪಾರಿಭದ್ರ. ಆಯುರ್ವೇದದ ಪಂಡಿತರನ್ನು ಕೇಳಿದರೆ ಪಾರಿಭದ್ರವೆಂದು ಹಾಲುವಾಣವನ್ನು ತೋರಿಸುತ್ತಾರೆ. ಹಾಲುವಾಣ! ಮಲೆನಾಡಿನಲ್ಲಿ ಅದನ್ನು ನೋಡದವರು ಯಾರಿದ್ದಾರೆ? ಒಂದು ಗೂಟ ಕಡಿದು ಮಣ್ಣಿಗೆ ಊರಿದರೆ ಮಳೆಗಾಲದಲ್ಲಿ ತಾನೇ ಚಿಗುರುತ್ತದೆ. ಅದಕ್ಕೇ ಬೇಲಿಗೆ ಅದು, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅದು, ಕಾಫಿ ತೋಟದ ನೆರಳಿಗೂ ಅದು. ಚಳಿ ಕಳೆಯುವ ಹೊತ್ತಿಗೆ ಎಲೆಯೆಲ್ಲ ಉದುರಿಸಿ ಕೆಂಪು ಹೂ ಹೊತ್ತು ನಿಲ್ಲುತ್ತದೆ, ಮೈನಾ ಹಕ್ಕಿಗಳಿಗೆ ಹಬ್ಬ.

ಭದ್ರಾವತಿಯ ಕಡೆಯ ಅಡಿಕೆ ತೋಟವೊಂದರ ಅಂಚಿನಲ್ಲಿ ಬೇಲಿ ಸವರಿ ಬಿಸಾಡಿದ ಹಾಲುವಾಣದ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ತೊಗಟೆಯ ಮೇಲೆ ಗಿಡ್ಡ ಮುಳ್ಳುಗಳು, ಕೆಳಗೆ ತಿಳಿ ಹಸಿರು ಪದರ, ಅದರೊಳಗೆ ಬೆಣ್ಣೆ ಬಣ್ಣದ ತಿರುಳು. ಒಣಗಿದ್ದ ತುಂಡು ಎಷ್ಟು ಹಗುರ ಎಂದರೆ ಗಾತ್ರ ನೋಡಿ ಎತ್ತಿದ ಕೈ ಮೋಸ ಹೋಗುತ್ತದೆ. ಉಗುರು ಒತ್ತಿದರೆ ಗುರುತು ಮೂಡುತ್ತದೆ. ಸೌದೆಗೂ ಬಾರದ ಮರ ಎಂದು ತೋಟದವರು ಮೂಗು ಮುರಿಯುವುದು ಇದಕ್ಕೇ. ಈಗ ಯೋಚಿಸಿ: ಓಡುವ ಕುದುರೆಯ ಮೇಲಿಂದ ಹೊಡೆಯುವ ಚೆಂಡು ಭಾರವಾಗಿದ್ದರೆ ದೂರ ಹೋಗುವುದಿಲ್ಲ, ಗಡುಸಾಗಿದ್ದರೆ ಕುದುರೆಯ ಕಾಲು ಉಳಿಯುವುದಿಲ್ಲ. ಹಗುರ ಮರ ಬೇಕು, ಅದು ಸೀಳದಂತೆ ಮೇಲೊಂದು ಚರ್ಮದ ಅಂಗಿ ಬೇಕು. ಸೌದೆಗೂ ಬಾರದ ಮರವನ್ನು ಚಕ್ರವರ್ತಿ ಆರಿಸಿದ್ದು ಎಷ್ಟು ಲೆಕ್ಕಾಚಾರದಿಂದ!

ಕೋಲಿನ ಕಥೆಯೂ ಹೀಗೇ. ಇವತ್ತಿಗೂ ಜಗತ್ತಿನ ಒಳ್ಳೆಯ ಪೋಲೊ ಕೋಲುಗಳ ದಂಡ ಸಾಮಾನ್ಯವಾಗಿ ಬೆತ್ತದ್ದೇ. ಬಾಗಬೇಕು, ಮುರಿಯಬಾರದು, ಹೊಡೆತದ ಜುಮ್ಮು ಸವಾರನ ಭುಜಕ್ಕೆ ಏರಬಾರದು. ಆ ಗುಣ ಬೆತ್ತಕ್ಕೆ ಇರುವಂತೆ ಇನ್ನೊಂದಕ್ಕಿಲ್ಲ. ಪಶ್ಚಿಮ ಘಟ್ಟದ ಕಾಡು ಬೆತ್ತದ ತವರು. ಶಿವಮೊಗ್ಗ ಸೀಮೆಯಲ್ಲಿ ಮೇದಾರರು ತಲೆಮಾರುಗಳಿಂದ ಬೆತ್ತ ಬಿದಿರು ಬಾಗಿಸಿಕೊಂಡೇ ಬದುಕಿದವರು. ಬಂಗಾಳದ ಹೌರಾ ಜಿಲ್ಲೆಯ ದೇವುಲ್‌ಪುರದಲ್ಲಿ ಬಿದಿರಿನ ಬೇರಿನಿಂದ ಪೋಲೊ ಚೆಂಡು ಕಡೆದು ಇಡೀ ಪ್ರಪಂಚಕ್ಕೆ ಕಳಿಸಿದ ಕುಶಲಕರ್ಮಿಗಳಿದ್ದರು. ಪ್ಲಾಸ್ಟಿಕ್ ಚೆಂಡು ಬಂದು ಆ ಕಸುಬು ಸೊರಗಿತು. ಹಾಲುವಾಣ, ಬೆತ್ತ, ಚರ್ಮ ಮೂರೂ ಕೈಗೆಟುಕುವಲ್ಲಿದ್ದ ನಮ್ಮ ನಾಡಿನಲ್ಲಿ ಸೋಮೇಶ್ವರನ ಆಟಕ್ಕೆ ಒಂದೇ ಒಂದು ಕೊರತೆ. ಕುದುರೆ!

ನಮ್ಮ ಹವೆಗೆ ಉತ್ತಮ ಜಾತಿಯ ಯುದ್ಧಾಶ್ವಗಳನ್ನು ಬೆಳೆಸುವುದು ಕಷ್ಟ. ಮಳೆ, ಸೊಳ್ಳೆ, ಹುಲ್ಲು ಯಾವುದೂ ಒಗ್ಗುವುದಿಲ್ಲ. ಹಾಗಾಗಿ ಕುದುರೆ ಎಂದರೆ ಹೊರದೇಶ. ಸಿಂಧ್, ಕಾಂಬೋಜ, ಪರ್ಷಿಯ, ಅರಬರ ನಾಡು. ಇಲ್ಲಿಂದ ಕಥೆ ಒಂದು ನಾಡಿನದಾಗಿ ಉಳಿಯುವುದಿಲ್ಲ, ಎರಡು ದೇಶಗಳದ್ದಾಗುತ್ತದೆ. ನನ್ನ ಎದೆ ಬಡಿತ ಹೆಚ್ಚಿದ್ದೂ ಇಲ್ಲಿಂದಲೇ.

ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದರಲ್ಲಿ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದವರು ತಮ್ಮ ಬಗ್ಗೆ ಹೇಳಿಕೊಂಡಿದ್ದಾರೆ. ಬಿ. ಎಲ್. ರೈಸ್ ಸಂಪಾದಿಸಿದ ಶಿವಮೊಗ್ಗ ಜಿಲ್ಲೆಯ ಶಾಸನ ಸಂಪುಟದಲ್ಲಿ ಅದು ಅಚ್ಚಾಗಿದೆ. ತಾವು ಸುತ್ತಿದ ದೇಶಗಳ ಪಟ್ಟಿ ಕೊಡುತ್ತಾರೆ: ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಬೋಜ, ನೇಪಾಳ, ಮತ್ತು ಪಾರಸ. ಪಾರಸ ಎಂದರೆ ಪರ್ಷಿಯ, ಇಂದಿನ ಇರಾನ್! ಹೊತ್ತು ತಂದ ಸರಕುಗಳಲ್ಲಿ ಆನೆ, ನೀಲ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳ ಜೊತೆ ಒಳ್ಳೆಯ ತಳಿಯ ಕುದುರೆಗಳೂ ಇವೆ. ನೆಲದ ದಾರಿ, ನೀರಿನ ದಾರಿ ಎರಡನ್ನೂ ತುಳಿದವರು ತಾವೆಂದು ಹೆಮ್ಮೆಪಡುತ್ತಾರೆ. ಸೋಮೇಶ್ವರ ಹುಟ್ಟುವ ಮೊದಲೇ ಶಿವಮೊಗ್ಗ ಸೀಮೆಯ ವರ್ತಕರಿಗೆ ಪಾರಸದ ಹೆಸರು ನಾಲಗೆ ತುದಿಯಲ್ಲಿತ್ತು.

ಕುದುರೆಯ ನೆನಪು ಇಲ್ಲಿನ ಕಲ್ಲುಗಳಲ್ಲೂ ಇದೆ. ಶಿವಮೊಗ್ಗ ನಗರದಲ್ಲಿ ತುಂಗೆಯ ದಡಕ್ಕೆ ಹತ್ತಿರವೇ ಇರುವ, ಕೆಳದಿಯ ದೊರೆ ಶಿವಪ್ಪನಾಯಕನ ಅರಮನೆಗೆ ಹೋಗಿ ಬನ್ನಿ. ಮರದ ದಪ್ಪ ಕಂಬಗಳ ಆ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದಲ್ಲಿ ಜಿಲ್ಲೆಯ ಮೂಲೆಮೂಲೆಯಿಂದ ತಂದ ವಿಗ್ರಹಗಳು, ಶಾಸನಗಳು, ವೀರಗಲ್ಲುಗಳು. ವೀರಗಲ್ಲುಗಳ ಮುಂದೆ ಮಂಡಿಯೂರಿ ಕೆಳಗಿನ ಪಟ್ಟಿಕೆಯನ್ನು ನೋಡಿ. ಕುದುರೆ ಇರುವ ಕಲ್ಲುಗಳಲ್ಲಿ ಶಿಲ್ಪಿಯ ಕೈ ಯಾವುದರ ಮೇಲೆ ಹೆಚ್ಚು ಆಡಿದೆ ಎಂದು ಗೊತ್ತಾಗುತ್ತದೆ: ಎತ್ತಿದ ಮುಂಗಾಲು, ಬಿಗಿ ಹಿಡಿದ ಲಗಾಮು, ಬಾಗಿದ ಕೊರಳು. ಸವಾರ ಎಷ್ಟೋ ಸಲ ಗಿಡ್ಡ ಬೊಂಬೆಯಂತಿರುತ್ತಾನೆ, ಕುದುರೆ ಮಾತ್ರ ಉಸಿರಾಡುತ್ತಿರುತ್ತದೆ. ಕುದುರೆಯನ್ನು ಹತ್ತಿರದಿಂದ ಕಂಡವರು, ಪ್ರೀತಿಸಿದವರು ಕಡೆದ ಕಲ್ಲುಗಳಿವು.

ಇನ್ನು ಪಾರಸದ ಕಡೆ ತಿರುಗೋಣ. ಅಲ್ಲಿ ಈ ಆಟದ ಹೆಸರು ಚೌಗಾನ್. ಫಿರ್ದೌಸಿ 1010ರ ಸುಮಾರಿಗೆ ಮುಗಿಸಿದ ಶಾಹನಾಮೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಇರಾನಿನ ರಾಜಕುಮಾರ ಸಿಯಾವುಷ್ ತಂದೆಯೊಡನೆ ಮನಸ್ತಾಪವಾಗಿ ಶತ್ರು ದೇಶವಾದ ತುರಾನಿಗೆ ಹೋಗುತ್ತಾನೆ. ಅಲ್ಲಿನ ದೊರೆ ಅಫ್ರಾಸಿಯಾಬ್ ಅವನನ್ನು ಮಗನಂತೆ ಬರಮಾಡಿಕೊಂಡು, ಗೌರವಕ್ಕೆಂದು ಏರ್ಪಡಿಸುವುದು ಏನನ್ನು? ಚೌಗಾನ್ ಪಂದ್ಯವನ್ನು! ಒಂದು ಕಡೆ ಇರಾನಿಗರು, ಇನ್ನೊಂದು ಕಡೆ ತುರಾನಿಗರು. ಸಿಯಾವುಷ್ ಹೊಡೆದ ಚೆಂಡು ಚಂದ್ರನಿಗೆ ಹೋಗಿ ಮುಟ್ಟಿತೋ ಎನ್ನುವಷ್ಟು ಮೇಲೇರುತ್ತದೆ. ಆಟ ಬಿರುಸಾಗಿ ತುರಾನಿಗರ ಮುಖ ಕಪ್ಪಿಡತೊಡಗಿದಾಗ ಅವನು ತನ್ನವರಿಗೆ ತಮ್ಮ ಭಾಷೆಯಲ್ಲಿ ಕಿವಿಮಾತು ಹೇಳುತ್ತಾನೆ. ಇದು ಆಟದ ಬಯಲೇ ಹೊರತು ರಣರಂಗವಲ್ಲ, ಸ್ವಲ್ಪ ಸಡಿಲ ಬಿಡಿ, ಚೆಂಡು ಅವರಿಗೂ ಸಿಗಲಿ ಎಂದು. ಇರಾನಿಗರು ಲಗಾಮು ಸಡಿಲಿಸುತ್ತಾರೆ. ಅಫ್ರಾಸಿಯಾಬ್ ಹಿಗ್ಗುತ್ತಾನೆ.

ಎರಡು ದೇಶಗಳ ಸ್ನೇಹಕ್ಕಾಗಿ ಒಂದು ದಿನದ ಪೋಲೊ! ಇವತ್ತು ರಾಯಭಾರ ಕಚೇರಿಗಳು ಬಾವುಟ ಕಟ್ಟಿ ನಡೆಸುವ ಪಂದ್ಯಗಳ ಮೂಲ ಚಿತ್ರ ಇದೇ, ಸಾವಿರ ವರ್ಷದ ಹಿಂದಿನ ಕಾವ್ಯದಲ್ಲಿ. ಗೆಲ್ಲುವ ಕೈಯನ್ನು ತಾನೇ ತಡೆದು ಗೆಳೆತನ ಉಳಿಸಿಕೊಂಡ ಆ ರಾಜಕುಮಾರನ ಕ್ಷಣವನ್ನು ನಾನು ಮತ್ತೆ ಮತ್ತೆ ಓದಿದೆ. ಫಿರ್ದೌಸಿಯ ಕಾವ್ಯಕ್ಕೂ ಸೋಮೇಶ್ವರನ ಗ್ರಂಥಕ್ಕೂ ಅಂತರ 120 ವರ್ಷಗಳಷ್ಟೇ. ಒಂದೇ ಆಟ ಅಲ್ಲಿ ಕಾವ್ಯವಾಗಿದೆ, ಇಲ್ಲಿ ಶಾಸ್ತ್ರವಾಗಿದೆ. ಮಣಿಪುರದಲ್ಲಿ ಅದೇ ಆಟ ಸಗೋಲ್ ಕಾಂಗ್ಜೈ ಎಂಬ ಹೆಸರಲ್ಲಿ, ಕಡೆಗೆ ಏಳೇಳು ಜನರಂತೆ, ಗೋಲುಕಂಬಗಳೇ ಇಲ್ಲದೆ ಬೆಳೆದುಬಂತು. ಇಂಫಾಲದ ಮಾಪಲ್ ಕಾಂಗ್ಜೈಬುಂಗ್ ಮೈದಾನದಲ್ಲಿ ಇವತ್ತಿಗೂ ಆಡುತ್ತಾರೆ. ನಮ್ಮಲ್ಲಿ ಮಾತ್ರ ಪುಸ್ತಕ ಉಳಿಯಿತು, ಆಟ ಹೋಯಿತು.

ಪಾರಸ ಮತ್ತು ಕನ್ನಡನಾಡು ಶಿವಮೊಗ್ಗದ ನೆಲದಲ್ಲಿ ನಿಜವಾಗಿಯೂ ಮುಖಾಮುಖಿಯಾಗಿದ್ದವೇ? ಆಗಿದ್ದವು. ಒಮ್ಮೆಯಲ್ಲ!

ಮೊದಲನೆಯದು 1443. ಹೆರಾತ್‌ನಿಂದ ಆಳುತ್ತಿದ್ದ ತೈಮೂರನ ಮಗ ಶಾರುಖ್ ದೊರೆಯ ರಾಯಭಾರಿಯಾಗಿ ಅಬ್ದುಲ್ ರಜಾಕ್ ದಕ್ಷಿಣಕ್ಕೆ ಬಂದ. ಕಲ್ಲಿಕೋಟೆಯಲ್ಲಿದ್ದವನನ್ನು ವಿಜಯನಗರದ ಇಮ್ಮಡಿ ದೇವರಾಯ ಕರೆಸಿಕೊಂಡ. ಹಡಗಿನಲ್ಲಿ ಮಂಗಳೂರಿಗೆ ಬಂದು ಘಟ್ಟ ಹತ್ತಿದ ರಜಾಕ್, ದಾರಿಯಲ್ಲಿ ಕಂಡ ಒಂದು ಊರನ್ನು ಬಾಯಿ ತುಂಬ ಹೊಗಳುತ್ತಾನೆ. ಮನೆಗಳು ಅರಮನೆಗಳಂತಿದ್ದವು ಎನ್ನುತ್ತಾನೆ, ಅಲ್ಲಿನ ದೇವಾಲಯದ ಮುಂದೆ ಬೆರಗಾಗಿ ನಿಲ್ಲುತ್ತಾನೆ. ಹಲವು ಇತಿಹಾಸಕಾರರು ಅದನ್ನು ಬಿದನೂರು ಎಂದೇ ಗುರುತಿಸುತ್ತಾರೆ. ಹೊಸನಗರ ತಾಲ್ಲೂಕಿನ ಇಂದಿನ ನಗರ! ಮುಂದೆ ವಿಜಯನಗರ ತಲುಪಿ ಮಹಾನವಮಿಯ ವೈಭವವನ್ನು ಕಣ್ಣಾರೆ ಕಂಡು ಬರೆದವನು ಇವನೇ. ಚೌಗಾನ್ ಆಡುತ್ತಿದ್ದ ನಾಡಿನವನು ನಮ್ಮ ದಸರಾ ನೋಡಿಹೋದ.

ಎರಡನೆಯದು 1623. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ರೋಮ್ ನಗರದ ಪ್ರವಾಸಿ ಪರ್ಷಿಯದಲ್ಲಿ ವರ್ಷಗಟ್ಟಲೆ ಇದ್ದವನು. ಶಾ ಅಬ್ಬಾಸನ ಆಸ್ಥಾನದಲ್ಲಿ ಓಡಾಡಿದವನು, ಅಲ್ಲಿನ ಕುದುರೆ ಚೆಂಡಾಟವನ್ನು ನೋಡಿ ಪತ್ರದಲ್ಲಿ ಬರೆದವನು. ಅದೇ ಶಾ ಅಬ್ಬಾಸ್ ಇಸ್ಫಹಾನಿನಲ್ಲಿ ಕಟ್ಟಿಸಿದ ನಕ್ಷ್-ಇ-ಜಹಾನ್ ಚೌಕದ ಎರಡು ತುದಿಗಳಲ್ಲಿ ಚೌಗಾನಿನ ಕಲ್ಲಿನ ಗೋಲುಕಂಬಗಳು ಇವತ್ತಿಗೂ ನಿಂತಿವೆ. ಆ ದೆಲ್ಲಾ ವಲ್ಲೆ ಗೋವೆಗೆ ಬಂದಾಗ, ಪೋರ್ಚುಗೀಸರು ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸುತ್ತಿದ್ದರು. ಇವನು ಜೊತೆಗೂಡಿದ. ನಾಯಕನ ಪರವಾಗಿ ಗೋವೆಯಲ್ಲಿದ್ದ ರಾಯಭಾರಿ ವಿಠ್ಠಲ ಶೆಣೈ ಕೂಡ ಜೊತೆಗಿದ್ದ. ಹೊನ್ನಾವರದವರೆಗೆ ಸಮುದ್ರ, ಗೇರುಸೊಪ್ಪೆಯವರೆಗೆ ಶರಾವತಿಯ ದೋಣಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಇವತ್ತಿನ ಸಾಗರದ ಪಕ್ಕದ ಇಕ್ಕೇರಿ!

ಅಲ್ಲಿ ಸಂಜೆಯ ಬೀದಿಯಲ್ಲಿ ಹುಡುಗಿಯರು ಗುಂಪು ಕಟ್ಟಿ, ಬಣ್ಣದ ಕೋಲುಗಳನ್ನು ತಾಳಕ್ಕೆ ತಾಗಿಸುತ್ತ, ಕೋಲೇ ಕೋಲೇ ಎಂದು ಹಾಡುತ್ತ ಸುತ್ತುವುದನ್ನು ಅವನು ನೋಡುತ್ತಾನೆ. ಕೋಲಾಟ! 400 ವರ್ಷದ ಹಿಂದಿನ ಮಲೆನಾಡ ಕೋಲಾಟದ ವರದಿ ಇಟಾಲಿಯನ್ ಭಾಷೆಯಲ್ಲಿ ಉಳಿದಿದೆ. ಶಾ ಅಬ್ಬಾಸನ ಬಯಲಿನಲ್ಲಿ ಕುದುರೆಯ ಮೇಲಿನ ಕೋಲನ್ನು ನೋಡಿದ ಅದೇ ಕಣ್ಣುಗಳು ಇಕ್ಕೇರಿಯ ಬೀದಿಯಲ್ಲಿ ಹೆಣ್ಣುಮಕ್ಕಳ ಕೈಯ ಕೋಲನ್ನು ನೋಡಿದವು. ಅಲ್ಲಿಂದ ಇಳಿದುಹೋಗಿ ಉಳ್ಳಾಲದ ರಾಣಿಯನ್ನೂ ಮಾತನಾಡಿಸಿಕೊಂಡು ಹೋದ ಪುಣ್ಯಾತ್ಮ.

ಹೊನ್ನಾವರ, ಭಟ್ಕಳ, ಬಸ್ರೂರು, ಗಂಗೊಳ್ಳಿ, ಈ ಬಂದರುಗಳೆಲ್ಲ ಕೆಳದಿ ನಾಯಕರ ಉಸಿರು. ಅಕ್ಕಿ ಮತ್ತು ಕಾಳುಮೆಣಸು ಘಟ್ಟ ಇಳಿಯುತ್ತಿತ್ತು, ಕುದುರೆ ಘಟ್ಟ ಹತ್ತುತ್ತಿತ್ತು. ಹೊಸಂಗಡಿ ಘಟ್ಟದ ಕಡಿದಾದ ತಿರುವುಗಳಲ್ಲಿ, ಜಿಗಣೆ ಕಚ್ಚುವ ಮಳೆಕಾಡಿನಲ್ಲಿ, ಮರಳುಗಾಡಿನಲ್ಲಿ ಹುಟ್ಟಿದ ಕುದುರೆ ಹೆಜ್ಜೆಯಿಟ್ಟ ಚಿತ್ರವನ್ನು ಕಣ್ಣಿಗೆ ತಂದುಕೊಳ್ಳಿ. ಮೆಣಸಿನ ಬಳ್ಳಿಗೆ ಆಸರೆ ಹಾಲುವಾಣ. ಆ ಮೆಣಸು ಹೋಗಿ ತರುತ್ತಿದ್ದದ್ದು ಕುದುರೆ. ಸೋಮೇಶ್ವರನ ಆಟದ ಚೆಂಡೂ ಹಾಲುವಾಣ. ಒಂದೇ ಮರಕ್ಕೆ ಈ ಕಥೆಯ ಎರಡು ತುದಿಯೂ ಗಂಟು ಬಿದ್ದಿದೆ!

ಮಾನಸೋಲ್ಲಾಸದ ಹಾದಿಯೂ ಶಿವಮೊಗ್ಗ ಸೀಮೆಯಲ್ಲಿ ಹೂತುಹೋಗಲಿಲ್ಲ. ಕೆಳದಿಯ ಬಸವಪ್ಪ ನಾಯಕ, ವಿದ್ವತ್ ಲೋಕಕ್ಕೆ ಕೆಳದಿ ಬಸವರಾಜ, 1709ರಲ್ಲಿ ಶಿವತತ್ತ್ವ ರತ್ನಾಕರವನ್ನು ಮುಗಿಸಿದ. 9 ಕಲ್ಲೋಲಗಳು, 108 ತರಂಗಗಳು. ರಾಜನೀತಿ, ವೈದ್ಯ, ಪಾಕ, ಸಂಗೀತ, ಆನೆ ಕುದುರೆಗಳ ಲಕ್ಷಣ, ತನ್ನ ವಂಶದ ಚರಿತ್ರೆ ಎಲ್ಲವನ್ನೂ ತುಂಬಿದ ಸಂಸ್ಕೃತ ವಿಶ್ವಕೋಶ. ಚಾಲುಕ್ಯ ದೊರೆ ಹಾಕಿಕೊಟ್ಟ ಪಂಕ್ತಿಯಲ್ಲೇ 580 ವರ್ಷಗಳ ನಂತರ ಮಲೆನಾಡಿನ ದೊರೆಯೊಬ್ಬ ಕುಳಿತ. ಆಳುತ್ತಲೇ ವಿಶ್ವಕೋಶ ಬರೆದ ಇಬ್ಬರು ರಾಜರು ಒಂದೇ ಸೀಮೆಯನ್ನು ಆಳಿದ್ದರು ಎಂಬುದು ಬೇರೆ ಯಾವ ಜಿಲ್ಲೆಗೆ ಒದಗಿದ ಭಾಗ್ಯ?

ಈಗ ಭದ್ರಾವತಿ. ಬೆಂಕಿಪುರ ಎಂದು ಹಳಬರು ಕರೆಯುತ್ತಿದ್ದ ಊರು. ಕಬ್ಬಿಣದ ಊರಿಗೂ ಕುದುರೆಯ ಆಟಕ್ಕೂ ಎಲ್ಲಿಯ ನಂಟು ಎನ್ನಿಸಬಹುದು. ನಂಟು ಒಂದು ಇಸವಿಯಲ್ಲಿದೆ, ಒಬ್ಬ ಅರಸರಲ್ಲಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣ ಕಾರ್ಖಾನೆಯನ್ನು ಭದ್ರೆಯ ದಡದಲ್ಲಿ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು ಸೇರಿ 1923ರಲ್ಲಿ ಕುಲುಮೆ ಹೊತ್ತಿತು. ಅದೇ 1918ರ ಸೆಪ್ಟೆಂಬರ್ 23ರಂದು, ಅದೇ ನಾಲ್ವಡಿಯವರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್, ಮೊದಲ ಮಹಾಯುದ್ಧಕ್ಕಾಗಿ ಸಾವಿರಾರು ಮೈಲಿ ದೂರದ, ಇಂದಿನ ಇಸ್ರೇಲಿನ ಹೈಫಾದಲ್ಲಿತ್ತು. ಜೋಧಪುರದ ಸವಾರರು ಊರಿನ ಕಡೆ ನುಗ್ಗುವಾಗ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಕುದುರೆ, ಭರ್ಜಿ, ಎದುರಿಗೆ ಮೆಷಿನ್‌ಗನ್. ಸಂಜೆಯೊಳಗೆ ಹೈಫಾ ಕೈಗೆ ಬಂತು.

ಇವತ್ತು ಭಾರತ ಮತ್ತು ಇಸ್ರೇಲ್ ನಡುವಿನ ಸ್ನೇಹದ ಮಾತು ಬಂದಾಗಲೆಲ್ಲ ಈ ದಿನದ ಹೆಸರು ಬರುತ್ತದೆ. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರ ಜನವರಿಯಲ್ಲಿ ಹೈಫಾ ಹೆಸರು ಸೇರಿತು. ಅಲ್ಲಿ ನಿಂತ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ಎಷ್ಟು ಜನ ನಿಂತು ನೋಡುತ್ತಾರೋ.

ಮುಂದಿನದು ಕೇಳಿ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆ ಪಡೆಗಳನ್ನೆಲ್ಲ ಒಟ್ಟುಗೂಡಿಸಿ 1953ರಲ್ಲಿ 61ನೆಯ ಅಶ್ವದಳ ಕಟ್ಟಿದರು. ಗ್ವಾಲಿಯರ್, ಜೋಧಪುರದ ಜೊತೆ ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲಿ ಕರಗಿತು. ಜೈಪುರ ನೆಲೆಯ ಆ ದಳ ಇವತ್ತು ಭಾರತದ ಪೋಲೊ ಆಟದ ಬೆನ್ನೆಲುಬು. ದೇಶಕ್ಕಾಗಿ ಆಡಿದ ಎಷ್ಟೋ ಆಟಗಾರರು ಅಲ್ಲಿಂದ ಬಂದವರು. ಕಲ್ಯಾಣದ ದೊರೆ ಬರೆದಿಟ್ಟ ಆಟ, ಮೈಸೂರಿನ ಸವಾರರ ವಾರಸುದಾರರ ಕೈಯಲ್ಲಿ ಇನ್ನೂ ಓಡುತ್ತಿದೆ!

ಎರಡು ದೇಶಗಳು ಆಡುವಾಗ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗಾಗಿಸಿದ ಸಂಗತಿ ಅದು. ಕ್ರಿಕೆಟಿಗ ತನ್ನ ಬ್ಯಾಟು ತರುತ್ತಾನೆ. ಪೋಲೊ ಆಟಗಾರ ಕುದುರೆಗಳನ್ನು ವಿಮಾನದಲ್ಲಿ ತರುವುದು ಸುಲಭವಲ್ಲ, ಒಂದು ಪಂದ್ಯಕ್ಕೇ ಒಬ್ಬನಿಗೆ ಹಲವು ಕುದುರೆ ಬೇಕು. ಸುಮಾರು 7 ನಿಮಿಷದ ಒಂದೊಂದು ಚಕ್ಕರ್ ಮುಗಿದಾಗಲೂ ಬೆವರಿದ ಕುದುರೆಗೆ ವಿಶ್ರಾಂತಿ, ಹೊಸದರ ಮೇಲೆ ಸವಾರಿ. ಹಾಗಾಗಿ ಅತಿಥಿ ತಂಡಕ್ಕೆ ಆತಿಥೇಯರೇ ಕುದುರೆ ಕೊಡುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಂತೂ ಆತಿಥೇಯ ದೇಶ ಕುದುರೆಗಳನ್ನೆಲ್ಲ ಒಟ್ಟುಗೂಡಿಸಿ, ತೂಗಿ ನೋಡಿ ಸರಿಸಮನಾದ ಗುಂಪುಗಳಾಗಿ ವಿಂಗಡಿಸಿ, ಚೀಟಿ ಎತ್ತಿ ಹಂಚುತ್ತದೆ. ತನ್ನನ್ನೇ ಸೋಲಿಸಲು ಬಂದವನಿಗೆ ತನ್ನ ಒಳ್ಳೆಯ ಕುದುರೆಯನ್ನು ಕೊಡುವ ಆಟ ಜಗತ್ತಿನಲ್ಲಿ ಇನ್ನೊಂದಿದೆಯೇ? ಆ ಕುದುರೆಯನ್ನು ಮರಿಯಿಂದ ಸಾಕಿದ ಲಾಯದವನು ಮೈದಾನದ ಅಂಚಿನಲ್ಲಿ ನಿಂತು ಯಾರ ಗೆಲುವಿಗೆ ಹಾರೈಸುತ್ತಾನೆ? ಕುದುರೆಯ ಕಡೆಗೇ ಅವನ ಕಣ್ಣು, ಯಾವ ಬಣ್ಣದ ಅಂಗಿ ಮೇಲೆ ಕುಳಿತಿದ್ದರೂ.

ಇರಾನಿನ ಚೌಗಾನ್ 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸಂಗೀತ ಮತ್ತು ಕಥನದ ಜೊತೆ ಆಡುವ ಕುದುರೆ ಆಟ ಎಂಬ ವಿವರಣೆಯೊಂದಿಗೆ. ಅದಕ್ಕೆ ಸರಿಸಮನಾಗಿ ನಿಲ್ಲುವ ಬರಹದ ಸಾಕ್ಷ್ಯ ನಮ್ಮ ಕೈಯಲ್ಲಿದೆ. ಅದನ್ನು ನಾವು ಇಡ್ಲಿಗಾಗಿ ಮಾತ್ರ ತೆರೆಯುತ್ತಿದ್ದೇವೆ.

ಶಿವಮೊಗ್ಗದವರು, ಭದ್ರಾವತಿಯವರು ಮನಸ್ಸು ಮಾಡಿದರೆ ಇದು ಬದಲಾಗುತ್ತದೆ. ಪೂರ್ಣ ಪ್ರಮಾಣದ ಪೋಲೊಗೆ 300 ಗಜ ಉದ್ದ, 200 ಗಜದವರೆಗೆ ಅಗಲದ ಬಯಲು ಬೇಕು, ನಿಜ. ಆದರೆ ಕಡೆಗೆ ಮೂವರಂತೆ ಆಡುವ ಅರೀನಾ ಪೋಲೊ ಇದೆ, ಅದಕ್ಕೆ ಸುಮಾರು 300 ಅಡಿ ಉದ್ದ, 150 ಅಡಿ ಅಗಲ ಸಾಕು. ಶಿವಮೊಗ್ಗದ ದಸರಾದಲ್ಲಿ ಸಕ್ರೆಬೈಲಿನ ಬಿಡಾರದ ಆನೆಗಳು ಬರುತ್ತವೆ, ಊರಿಗೆ ಊರೇ ಬೀದಿಗಿಳಿಯುತ್ತದೆ. ಆ ದಿನಗಳಲ್ಲಿ ಒಂದು ದಿನವನ್ನು ಕುದುರೆಗಳಿಗೆ ಕೊಡಿ. ಇರಾನಿನಿಂದ ಒಂದು ತಂಡವನ್ನು ಕರೆಯಿರಿ, 61ನೆಯ ಅಶ್ವದಳವನ್ನು ಕೇಳಿ, ಮಣಿಪುರದವರನ್ನು ಮರೆಯಬೇಡಿ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ವಾಂಸರು ಸೋಮೇಶ್ವರನ ನಿಯಮಗಳನ್ನು ಸರಳ ಕನ್ನಡದಲ್ಲಿ ಹತ್ತು ಪುಟದ ಕಿರುಹೊತ್ತಿಗೆ ಮಾಡಿ ಆ ದಿನ ಮಕ್ಕಳ ಕೈಗೆ ಕೊಡಲಿ. ಒಂದು ಪಂದ್ಯವನ್ನಾದರೂ ಎಂಟೆಂಟು ಸವಾರರೊಂದಿಗೆ, ತೋರಣ ಕಟ್ಟಿ, ಹಾಲುವಾಣದ ಚೆಂಡಿನಲ್ಲಿ ಆಡಿಸಿ. ಮೆಣಸಿನ ಬಳ್ಳಿಯ ಬುಡದಿಂದ ಒಂದು ತುಂಡು ಕಡಿದು ಕೊಡಲು ಮಲೆನಾಡಿನ ಯಾವ ರೈತನೂ ಇಲ್ಲ ಎನ್ನಲಾರ.